ಪುಕ್ಕಟೆ ಬದನೆಕಾಯಿಗೆ ಬೀಗ

ನಗರದ ಖಾಲಿ ಜಾಗಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಮಾನ್ಯ ಅಧಿಕಾರಿಗಳೇ,

ನಮ್ಮ ಕಟ್ಟಡದ ಹಿಂದಿನ ತರಕಾರಿ ತೋಟಕ್ಕೆ ಕಳೆದ ವಾರ ತಾವು ಒತ್ತುವರಿಯೆಂದು ಬೀಗ ಜಡಿಸಿದಿರಿ. ಅದನ್ನು ತೆಗೆಸಬೇಕು. ಕಚೇರಿಗೆ ಬಂದು ಕೇಳೋಣವೆಂದರೆ ತಾವು ಸದಾ ಸ್ಥಳ ಪರಿಶೀಲನೆಯಲ್ಲಿ. ಸ್ಥಳದಲ್ಲಿ ಹುಡುಕೋಣವೆಂದರೆ ಸದಾ ಕಚೇರಿಯಲ್ಲಿ. ಹಾಗಾಗಿ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಆ ಜಾಗ ವರ್ಷಾನುಗಟ್ಟಲೆ ಕಸದ ಗುಡ್ಡೆಯಾಗಿತ್ತು. ಹರಿದ ಹಾಸಿಗೆ, ಒಡೆದ ಕಮೋಡು, ಸತ್ತ ಇಲಿ ಎಲ್ಲಕ್ಕೂ ಅಲ್ಲಿ ಮುಕ್ತ ಪ್ರವೇಶವಿತ್ತು. ಆಗ ತಮಗೆ ಒತ್ತುವರಿ ಕಾಣಲಿಲ್ಲವೇ? ಬಟ್ಟೆ ಹೊಲಿಯುವ ನಾನು, ಕೆಳಮನೆಯ ನಿವೃತ್ತ ಬಸ್ ಡ್ರೈವರ್, ಎದುರುಮನೆಯ ನರ್ಸ್ ಮೂಗು ಮುಚ್ಚಿಕೊಂಡು ಕಸ ಎತ್ತಿ ಬೀನ್ಸ್, ಟೊಮೆಟೊ, ಬದನೆ ಹಾಕಿದೆವು. ಬೆಳೆದದ್ದನ್ನು ಗೇಟಿನ ಬಳಿ ಮೇಜಿನ ಮೇಲಿಟ್ಟು, ಬೇಕಾದವರು ಒಯ್ಯಲಿ ಎಂದೆವು. ತಕ್ಷಣ ತಮ್ಮ ಕಣ್ಣು ತೆರೆಯಿತು! ತರಕಾರಿ ಕಣ್ಣಿಗೆ ಒಳ್ಳೆಯದೆಂದು ಕೇಳಿದ್ದೆ. ತಿನ್ನದವರಿಗೂ ಇಷ್ಟು ಗುಣ ಕೊಡುತ್ತದೆಂದು ಗೊತ್ತಿರಲಿಲ್ಲ.

ಈ ತೋಟ ನಮಗೆ ಕೊಟ್ಟದ್ದು ಕಾಯಿಪಲ್ಲೆ ಮಾತ್ರವಲ್ಲ. ಪಾರ್ಶ್ವವಾಯು ಬಡಿದ ಮೇಲೆ ನಮ್ಮ ಅತ್ತೆ ಮಾತು ಬಿಟ್ಟಿದ್ದರು. ಪ್ರಯತ್ನಪಟ್ಟರೆ ಮಾತು ಮರಳುತ್ತದೆ ಎಂದು ವೈದ್ಯರು ಹೇಳಿದರೂ ಅವರಿಗೆ ಅದು ಬೇಡವಾಗಿತ್ತು. ಕೋಣೆಯಲ್ಲೇಕೆ ಕೊರಗಬೇಕೆಂದು ತೋಟದಲ್ಲಿ ಕುರ್ಚಿ ಹಾಕಿ ಕೂರಿಸತೊಡಗಿದೆ. ಒಂದು ಬೆಳಿಗ್ಗೆ ಡ್ರೈವರಣ್ಣ ಬದನೆ ಗಿಡಕ್ಕೆ ಬಕೆಟುಗಟ್ಟಲೆ ನೀರು ಸುರಿಯುತ್ತಿದ್ದಾಗ ಹಿಂದಿನಿಂದ ತೊದಲು ದನಿ ಬಂತು: “ಸಾ... ಸಾಕು ಕಣಯ್ಯಾ, ಬೇರು ಕೊಳೆಯುತ್ತೆ!” ಡ್ರೈವರಣ್ಣನ ಕೈಯ ಬಕೆಟ್ ಉರುಳಿತು. ಅಳುತ್ತಾ ಓಡಿಬಂದ ನನಗೂ ಅತ್ತೆ ಬೈದರು, ಗಿಡ ತುಳಿದೆನೆಂದು. ಬೈಸಿಕೊಂಡು ಅಷ್ಟು ಹಿಗ್ಗಿದ ಸೊಸೆ ಇನ್ನೊಬ್ಬಳಿರಲಾರಳು. ಅಂದಿನಿಂದ ಮೇಜಿನ ಯಜಮಾನಿಕೆ ಅವರದೇ. “ಮನೇಲಿ ಎಷ್ಟು ಜನ?” ಎಂದು ವಿಚಾರಿಸಿ ಆರಿಸಿ ಕೊಡುತ್ತಿದ್ದರು.

ಅಲ್ಲಿಗೆ ತಮ್ಮ ಮೇಲ್ವಿಚಾರಕರ ಜೀಪು ಬಂತು.

“ಇದನ್ನ ಮಾರೋಕೆ ಲೈಸೆನ್ಸ್ ಇದೆಯೇನ್ರೀ?”

“ಮಾರ್ತಿಲ್ಲ ಸಾರ್, ಸುಮ್ನೆ ಕೊಡ್ತಿದೀವಿ,” ಎಂದೆ.

“ಅದೇ ತಪ್ಪು! ಮಾರಿದ್ರೆ ಲೈಸೆನ್ಸ್ ಮಾಡಿಸ್ಬಹುದಿತ್ತು. ಸುಮ್ನೆ ಕೊಡೋದಕ್ಕೆ ನಮ್ಮಲ್ಲಿ ನಿಯಮಾನೇ ಇಲ್ಲ.”

ಅವರ ಬೆವೆತ ಮುಖ ನೋಡಿ ಅತ್ತೆಗೆ ಕನಿಕರ ಹುಟ್ಟಿತು. ಎರಡು ಬದನೆಕಾಯಿ ಮುಂದೆ ಹಿಡಿದು, “ತಗೋಪ್ಪಾ, ಎಳೇದು,” ಎಂದರು.

“ಲಂಚ ಕೊಡ್ತೀರಾ?” ಎಂದು ಅವರು ಕಿಡಿಕಿಡಿಯಾದರು. ಎರಡು ಬದನೆಕಾಯಿ ಲಂಚವಾಯಿತು; ಉಳಿದದ್ದು ಸಾಕ್ಷಿಯೆಂದು ಬುಟ್ಟಿಸಮೇತ ಜೀಪು ಹತ್ತಿತು; ಗೇಟಿಗೆ ಬೀಗ ಬಿತ್ತು. ಮಾನ್ಯರೇ, ಆ ಸಾಕ್ಷಿ ಈಗ ಯಾವ ಕಡತದಲ್ಲಿದೆ? ಬಾಡಿದೆಯೇ, ಇಲ್ಲಾ ಬೆಂದಿದೆಯೇ?

ಬೀಗದೊಳಗೆ ಗಿಡಗಳು ಒಣಗುತ್ತಿವೆ. ಡ್ರೈವರಣ್ಣ ಸ್ಟೂಲು ಹತ್ತಿ ಗೋಡೆಯ ಮೇಲಿಂದ ಪೈಪು ಹಿಡಿಯುತ್ತಾರೆ. ದೂರದವಕ್ಕೆ ನೀರು ಮುಟ್ಟುವುದಿಲ್ಲ. ಕಸದ ಚೀಲಗಳು ಮಾತ್ರ ಸಲೀಸಾಗಿ ಗೋಡೆ ದಾಟುತ್ತಿವೆ, ಅವಕ್ಕೆ ಯಾವ ನಿಯಮವೂ ಅಡ್ಡಬಂದಿಲ್ಲ. ಅತ್ತೆ ಮತ್ತೆ ಮೌನವಾಗಿದ್ದಾರೆ. ಈ ವಾರವೆಲ್ಲ ಅವರಾಡಿದ್ದು ಒಂದೇ ಮಾತು: “ಆ ಜೀಪಿನ ಹುಡುಗ ಊಟ ಮಾಡಿದ್ನಾ?”

ಸುಮ್ಮನೆ ಕೊಡುವುದಕ್ಕೆ ನಿಯಮವಿಲ್ಲದಿದ್ದರೆ ಒಂದು ಸಾಲು ಬರೆದು ಮಾಡಿಕೊಳ್ಳಿ. ಅದಕ್ಕೂ ಮೊದಲು ಬೀಗ ತೆಗೆಸಿ. ಕೀಲಿಕೈಯನ್ನು ಆ ಮೇಲ್ವಿಚಾರಕರ ಕೈಯಲ್ಲೇ ಕಳಿಸಿ. ಅತ್ತೆಯ ಪ್ರಶ್ನೆಗೆ ಉತ್ತರ ನನ್ನಲ್ಲಿಲ್ಲ, ಅವರೇ ಬಂದು ಹೇಳಲಿ.

ಇಂತಿ,
ಮಾರಲು ಬಾರದೆ ಕೊಟ್ಟು ಕೆಟ್ಟ
ಹೊಲಿಗೆಯವಳು