ದ್ವೀಪಕ್ಕೆ ಹೋದ ಪಾಠ

ಪ್ರೀತಿಯ ದೊಡ್ಡಮ್ಮ,

ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ ನಿಮ್ಮ ಪಾಠಗಳ ವಿಡಿಯೋಗಳನ್ನು ಯಾರೋ ಕದ್ದು ತಮ್ಮ ಹೆಸರಿನಲ್ಲಿ ಹಾಕಿಕೊಂಡರೆಂದು ನೀವು ನೊಂದುಕೊಂಡಿರಲ್ಲ, ಸೋಮವಾರವೇ ಅವಕ್ಕೆ ಬೀಗ ಹಾಕಿದೆ. ಈಗ ಅವನ್ನು ನಮ್ಮ ವೆಬ್‌ಸೈಟಿನಲ್ಲೇ ನೋಡಬೇಕು, ಡೌನ್‌ಲೋಡ್ ಮಾಡಿಕೊಳ್ಳುವಂತಿಲ್ಲ.

ಶನಿವಾರ ಒಬ್ಬರು ಫೋನ್ ಮಾಡಿದರು. ದ್ವೀಪವೊಂದರಲ್ಲಿ ದೀಪಸ್ತಂಭ ಕಾಯುವವರಂತೆ. ಅಲ್ಲಿ ಇಂಟರ್ನೆಟ್ ಇಲ್ಲ. ವಾರಕ್ಕೊಮ್ಮೆ ದಡಕ್ಕೆ ಬಂದು, ನಿಮ್ಮ ಒಂದು ಪಾಠ ಇಳಿಸಿಕೊಂಡು ಹೋಗಿ ಹೆಂಡತಿಗೆ ತೋರಿಸುತ್ತಾರೆ. ಪಾರ್ಶ್ವವಾಯು ಬಡಿದು ಆಕೆಯ ಮಾತು ನಿಂತುಹೋಗಿತ್ತು.

"ಹನ್ನೊಂದು ತಿಂಗಳು ಒಂದಕ್ಷರ ಆಡಿರ್ಲಿಲ್ಲ ಕಣಮ್ಮ. ಏಳನೇ ಪಾಠ ಮುಗಿದ ದಿನ ನನ್ನನ್ನ ಕರೆದಳು. ಎಂಟನೇದು ಯಾಕೋ ಇಳೀತಾನೇ ಇಲ್ಲ."

ಹಾಗೆಂದು, ರೆಕಾರ್ಡ್ ಮಾಡಿಟ್ಟಿದ್ದ ಆ ಕೂಗನ್ನು ಕೇಳಿಸಿದರು. "ರೀ, ಬನ್ನೀ..." ಕೊನೆಯಲ್ಲಿ ಥೇಟ್ ನಿಮ್ಮದೇ ರಾಗ, ದೊಡ್ಡಮ್ಮ! ನಿಮ್ಮನ್ನು ಕಂಡೇ ಇರದ ಹೆಂಗಸಿನ ಬಾಯಲ್ಲಿ, ಸಮುದ್ರದ ನಡುವೆ, ನಿಮ್ಮ ದನಿ. ನನ್ನ ಮೈ ಜುಮ್ಮೆಂದಿತು. ಇನ್ನೊಮ್ಮೆ ಕೇಳಿಸಿ ಎಂದೆ.

ಎಂಟನೆಯ ಪಾಠವನ್ನು ನಿಮ್ಮನ್ನು ಕೇಳದೆ ಅವರಿಗೆ ಕಳಿಸಿಬಿಟ್ಟೆ. ಬೈಯುವುದಿದ್ದರೆ ಆಮೇಲೆ ಬೈಯಿರಿ. ಬೀಗ ಇರಲಿ, ಆದರೆ ಇಂಥವರು ಕೇಳಿದರೆ ತೆಗೆದುಕೊಡಲು ಒಪ್ಪಿಗೆ ಕೊಡಿ. ಮತ್ತೆ, ಒಂಬತ್ತನೆಯ ಪಾಠ ಇನ್ನೂ ಚಿತ್ರೀಕರಣವೇ ಆಗಿಲ್ಲ. ನಾಳೆಯೇ ಕ್ಯಾಮೆರಾ ತರುತ್ತೇನೆ, ಗಂಟಲು ಚೆನ್ನಾಗಿ ನೋಡಿಕೊಳ್ಳಿ. ಅವರು ಬರುವ ಶನಿವಾರ ಮತ್ತೆ ದಡಕ್ಕೆ ಬರುತ್ತಾರೆ.

ನಿಮ್ಮ ತಂಗಿಯ ಮಗಳು