ಎಡತೋಳಿನ ಗಂಟು

5 ಏಪ್ರಿಲ್ 1938, ಬೆಳಿಗ್ಗೆ. ಕೋಟೆ, ಶಿವಮೊಗ್ಗ

ನಿದ್ರೆ ಮೂರು ಗಂಟೆ. ಊಟ ಅರ್ಧ. ಅತ್ತದ್ದು ಎರಡು ಸಲ, ಬಚ್ಚಲಲ್ಲಿ. ಹಾಲು ಇಂದೂ ಬಂತು. ಅದು ಬತ್ತಲಿ ಎಂದು ಅಮ್ಮ ಎದೆಗೆ ಮಲ್ಲಿಗೆ ಹೂ ಕಟ್ಟಿದಳು. ಆ ವಾಸನೆ ಈಗ ಆಗುವುದಿಲ್ಲ.

ದಿನಾ ಹೀಗೆ ಬರೆ, ಯಾರಿಗೂ ತೋರಿಸಬೇಡ ಎಂದಿದ್ದಾರೆ ಲೇಡಿ ಡಾಕ್ಟರು. ಹೆರಿಗೆಯಾಗಿ ಇಂದಿಗೆ ಹದಿನಾರು ದಿನ.

7 ಏಪ್ರಿಲ್, ಸಂಜೆ

ಅಪ್ಪನಿಗೆ ಪೇಪರ್ ಓದಿದೆ. ಕಾಡಿನಲ್ಲಿ ಸತ್ತ ಆನೆಯ ಸುದ್ದಿ, ನಾಲ್ಕು ಸಾಲು. ಎಲ್ಲಿ, ಎಂದು, ಗಂಡೋ ಹೆಣ್ಣೋ — ಎಲ್ಲ ಇತ್ತು. ನನ್ನ ಮಗುವಿನ ಬಗ್ಗೆ ನನಗೆ ಗೊತ್ತಿರುವುದು ತಾರೀಕು ಮಾತ್ರ. ಮಾರ್ಚ್ 20. ತವರಿಗೆ ಕರೆತರಲು ಐದು ದಿನವಿತ್ತು. ಭದ್ರಾವತಿಯ ಕ್ವಾರ್ಟರ್ಸಿನಲ್ಲೇ ಹೆರಿಗೆಯಾಯಿತು. ಉಸಿರಿರಲಿಲ್ಲವಂತೆ. ನನಗೆ ಎಚ್ಚರವಿರಲಿಲ್ಲ. ಎಲ್ಲರೂ "ಅದು" ಎನ್ನುತ್ತಾರೆ.

ಎಂಟನೇ ತಿಂಗಳಲ್ಲಿ ಮಠದ ಅಯ್ಯನವರು ಹೊಟ್ಟೆಯ ಮಗುವಿಗೆಂದು ಪುಟ್ಟ ಲಿಂಗವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ನನ್ನ ಎಡತೋಳಿಗೆ ಕಟ್ಟಿದ್ದರು. ಹುಟ್ಟಿದ ಮೇಲೆ ಮಗುವಿಗೆ ಕಟ್ಟಬೇಕು. ಎಚ್ಚರವಾದಾಗ ತೋಳು ಬರಿದಾಗಿತ್ತು.

"ಅಮ್ಮಾ, ಗಂಟು ಯಾರು ಬಿಚ್ಚಿದ್ರು?"

"ಸೂಲಗಿತ್ತಿ ಬಟ್ಟೆ ಜೊತೆ ಎಸೆದಿರ್ಬೇಕು ಕಣೇ. ಕೆದಕಬೇಡ. ನೆನೆಸಿಕೊಂಡ್ರೆ ಹಾಲು ಉಕ್ಕುತ್ತೆ."

"ನೆನೆಸಿಕೊಳ್ಳದಿದ್ರೂ ಉಕ್ತಾ ಇದೆಯಲ್ಲ."

ಅಮ್ಮ ಒಳಗೆ ಹೋದಳು.

ಎಸೆದಿದ್ದರೆ, ಹುಟ್ಟಿದ್ದನ್ನು ಮಗು ಎಂದು ಯಾರೂ ಎಣಿಸಲೇ ಇಲ್ಲ ಎಂದಾಯಿತು. ಇದು ನನಗೆ ಗೊತ್ತಾಗಬೇಕು.

10 ಏಪ್ರಿಲ್, ಭಾನುವಾರ

ಕಾರ್ಖಾನೆಗೆ ರಜ. ಭದ್ರಾವತಿಯಿಂದ ನಮ್ಮ ಯಜಮಾನರು ಬಂದಿದ್ದರು. ಜಗಲಿಯಲ್ಲಿ ಅಪ್ಪನ ಜೊತೆ ಕೂತು ಮೂರರ ಗಾಡಿಗೆ ಹೊರಟರು. ಬಾಗಿಲಲ್ಲಿ ನಿಂತಿದ್ದೆ. ನೆಲ ನೋಡಿದರು. ಮಾತೆತ್ತಬೇಡ, ಅವರಿಗೂ ಬೇಸರ ಎಂದಳು ಅಮ್ಮ.

ನನಗೆ ಗಾಳಿ ಸೋಕಿದೆಯಂತೆ. ಶುಕ್ರವಾರ ಮಂತ್ರ ಹಾಕುವ ಓಬಯ್ಯ ತಾಯಿತ ಕಟ್ಟಲು ಬರುತ್ತಾನಂತೆ. ಗಾಳಿ ಸೋಕಿಲ್ಲ. ಉತ್ತರ ಸಿಕ್ಕಿಲ್ಲ.

14 ಏಪ್ರಿಲ್

ನಿದ್ರೆ ಒಂದು ಗಂಟೆ. ಬಾವಿಯ ಹತ್ತಿರ ಬಹಳ ಹೊತ್ತು ನಿಂತೆ. ಯಾಕೆಂದು ಬರೆಯುವುದಿಲ್ಲ. ಕೊಡ ತುಂಬಿಕೊಂಡು ವಾಪಸು ಬಂದೆ.

ಭಾನುವಾರ ಭದ್ರಾವತಿಗೆ ಹೋಗುತ್ತೇನೆ.

16 ಏಪ್ರಿಲ್

ತಾಯಿತ ಬೇಡವೆಂದು ನಿನ್ನೆ ಓಬಯ್ಯನಿಗೆ ಕಾಫಿ ಕೊಟ್ಟು ಕಳಿಸಿದೆ. ಇಂದು ಪ್ರಯಾಣದ ವಿಷಯ ಹೇಳಿದೆ.

"ಬಾಣಂತಿ ತಿಂಗಳೊಳಗೆ ಹೊಸಿಲು ದಾಟ್ತಾಳೇನೇ?" ಎಂದಳು ಅಮ್ಮ.

"ಬಾಣಂತಿ ಅಂದ್ಯಲ್ಲಮ್ಮಾ. ಹಾಗಾದ್ರೆ ಮಗು ಇತ್ತು ತಾನೇ?"

ಅಪ್ಪ ಪೇಪರ್ ಮಡಿಸಿದರು. "ನಾನೇ ಗಾಡಿಗೆ ಹತ್ತಿಸ್ತೀನಿ ಬಿಡೇ."

17 ಏಪ್ರಿಲ್, ಭಾನುವಾರ. ಭದ್ರಾವತಿ

ಪಕ್ಕದ ಮನೆ ಸಣ್ಣಮ್ಮ, ಹೆರಿಗೆಗೆ ಜೊತೆಯಿದ್ದವಳು, ಬೀದಿಯಲ್ಲೇ ಹಿಡಿದುಕೊಂಡಳು. "ಬಂದ್ಯಾ ಮಾರಾಯ್ತಿ! ನಿನ್ನ ಗಂಡನ ಸಾರಿನ ವಾಸನೆಗೆ ನಮ್ಮನೆ ಬೆಕ್ಕು ಊರು ಬಿಡ್ತು." ನಕ್ಕೆ. ಇಪ್ಪತ್ತೆಂಟು ದಿನದಲ್ಲಿ ಮೊದಲ ಸಲ.

ಗಂಟಿನ ವಿಷಯ ಕೇಳಿದೆ. ಅವಳ ನಗು ನಿಂತಿತು. "ನಾನು ಬಿಚ್ಚಿಲ್ಲ. ಸೂಲಗಿತ್ತಿನೂ ಬಿಚ್ಚಿಲ್ಲ. ನಿಮ್ಮನೆಯವರನ್ನೇ ಕೇಳು."

ಅವರು ಒಲೆಯ ಮುಂದಿದ್ದರು. ಕೇಳಿದೆ.

"ಬಿಚ್ಚಿದ್ದು ನಾನು."

"ಯಾಕ್ರೀ?"

"ಅವಳದಲ್ವಾ ಅದು?"

ಅವಳದು... ಒಲೆಯ ಪಕ್ಕ ಕೂತೆ.

"ಉಸಿರಾಡದ ಕೂಸಿಗೆ ಲಿಂಗ ಬೇಡ ಅಂದ್ರು ಹಿರಿಯರು. ನಾನು ಕೇಳ್ಲಿಲ್ಲ. ಅವಳ ಎಡ ಅಂಗೈಲಿಟ್ಟೆ. ಬೆರಳು ಹಿಡ್ಕೊಳ್ಲಿಲ್ಲ ಉಮಾ. ದಾರ ಸುತ್ತಿದೆ."

ನಮ್ಮಲ್ಲಿ ದೊಡ್ಡವರನ್ನು ಮಣ್ಣು ಮಾಡುವ ಕ್ರಮವೂ ಅದೇ.

"ನನಗ್ಯಾಕೆ ಹೇಳ್ಲಿಲ್ಲ?"

"ನೆನಪು ಮಾಡಿದ್ರೆ ಹಾಲು ಉಕ್ಕುತ್ತೆ, ನಿನಗೆ ತಡೆಯೋಕಾಗಲ್ಲ ಅಂದ್ರು ನಿಮ್ಮಮ್ಮ."

ಉಕ್ಕಿತು. ತಡೆದುಕೊಂಡೆ. ಸಾರು ಸೀದಿತು.

18 ಏಪ್ರಿಲ್, ಬೆಳಿಗ್ಗೆ ಆರು

ನಿದ್ರೆ ಐದು ಗಂಟೆ. ಅತ್ತದ್ದು ಲೆಕ್ಕ ಇಟ್ಟಿಲ್ಲ, ಇಬ್ಬರೂ ಅತ್ತೆವು.

ಹೆಣ್ಣು. ಮಾರ್ಚ್ 20. ಭದ್ರಾ ಹೊಳೆಯ ಆಚೆ ದಡ, ಹೊಂಗೆ ಮರದ ಬುಡ. ಅವಳ ಅಪ್ಪ ತಾವೇ ಹೊತ್ತುಕೊಂಡು ಹೋದರು.

ನಾಲ್ಕು ಸಾಲು.

ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿಯಿಲ್ಲ. ಹೋಗುತ್ತೇನೆ. ಸಣ್ಣಮ್ಮ ಒಂದು ಬೊಗಸೆ ಮಲ್ಲಿಗೆ ಕೊಟ್ಟಿದ್ದಾಳೆ. ಇದು ಎದೆಗೆ ಕಟ್ಟುವುದಕ್ಕಲ್ಲ. ಅವರು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾರೆ. ಉಳಿದದ್ದು ಬಂದು—