ಕುಂಡದ ಕಾಡಿಗೆ ಐದು ನಕ್ಷತ್ರ

ಕಾಲೇಜುಗಳಿಗೆ ನಕ್ಷತ್ರ ಹಂಚುವ ಕಚೇರಿಯ ಮುಖ್ಯಸ್ಥರೇ,

ನೀವು ಐದು ನಕ್ಷತ್ರ ಕೊಟ್ಟಿರುವ ಕಾಲೇಜಿನ ಕಾಡು ಬಾಡಿಗೆಗೆ ತಂದದ್ದು. ಅರ್ಧ ನಕ್ಷತ್ರಕ್ಕೂ ಯೋಗ್ಯವಲ್ಲವೆಂದು ನೀವು ತಳ್ಳಿಹಾಕಿದ ಕಾಲೇಜಿನ ಜೌಗು ಮಾತ್ರ ಅಸಲಿ. ನಿಸರ್ಗ ಸಂಪನ್ಮೂಲ ಮತ್ತು ಸಂರಕ್ಷಣೆಯಲ್ಲಿ ಪದವಿ ಓದಲು ನನ್ನ ಮಗಳು ಈ ಎರಡನೆಯ ಕಾಲೇಜಿಗೆ ಸೇರಬೇಕು. ಅಲ್ಲಿ ಈ ವರ್ಷದಿಂದ ಹೊಸಬರು ಯಾರನ್ನೂ ಸೇರಿಸಿಕೊಳ್ಳಕೂಡದು ಎಂಬ ನಿಮ್ಮ ಆದೇಶ ಗೇಟಿಗೆ ಅಂಟಿಕೊಂಡು ಕೂತಿದೆ. ನನ್ನ ದೂರು ಇಷ್ಟೇ. ಇದನ್ನು ಗುಟ್ಟಾಗಿ ಬರೆದು ಕಳಿಸಿದಾಗಲೆಲ್ಲ ನಿಮ್ಮಿಂದ ಬಂದದ್ದು ‘ಪರಿಶೀಲಿಸಲಾಗುವುದು’ ಎಂಬ ಒಂಟಿ ಪದದ ಉತ್ತರ. ಹಾಗಾಗಿ ಈ ಸಲ ಊರಿಗೆಲ್ಲ ಕೇಳಿಸುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹಳೆಯ ವಾಹನಗಳನ್ನು ಕೊಂಡು ಮಾರುವುದು ನನ್ನ ಕಸುಬು. ಅನುಮಾನವೇ ಈ ಕಸುಬಿನ ಬಂಡವಾಳ. ತೊಳೆದು ಫಳಫಳ ಹೊಳೆಯುವ ಎಂಜಿನ್ ಕಂಡರೆ ಎಲ್ಲೋ ಎಣ್ಣೆ ಸೋರುತ್ತಿದೆ ಎಂದುಕೊಳ್ಳುತ್ತೇನೆ. ಹೊಸ ಸೀಟುಕವರು ಕಂಡರೆ ಅದರ ಕೆಳಗೆ ಕೈ ಹಾಕುತ್ತೇನೆ. ಎಲ್ಲಕ್ಕಿಂತ ನಾನು ಹೆದರುವುದು, ಕೇಳದೆಯೇ ತನ್ನ ಗಾಡಿಯ ದೋಷಗಳನ್ನು ತಾನೇ ಒಪ್ಪಿಸುವವನಿಗೆ. ‘ಹಾರ್ನ್ ಸರಿ ಇಲ್ಲ ಅಮ್ಮ, ಸೈಡ್ ಮಿರರ್ ಒಡೆದಿದೆ, ಮುಚ್ಚಿಡೋದು ಯಾಕೆ’ ಎನ್ನುವವನು ಹಾರ್ನಿನ ಮರೆಯಲ್ಲಿ ಕೆಟ್ಟ ಗೇರ್‌ಬಾಕ್ಸನ್ನೇ ಅಡಗಿಸಿಟ್ಟಿರುತ್ತಾನೆ. ಈ ಬುದ್ಧಿ ನನ್ನ ಅಂಗಡಿಯನ್ನು ಇಷ್ಟು ವರ್ಷ ಕಾಪಾಡಿತು. ಮಗಳ ವಿಷಯದಲ್ಲಿ ಮಾತ್ರ ಅದು ಕೈಕೊಟ್ಟಿತು, ಅದನ್ನು ಮುಂದೆ ಹೇಳುತ್ತೇನೆ.

ಮಗಳನ್ನು ಮನೆಯಲ್ಲಿ ಕಪ್ಪೆ ಎಂದು ಕರೆಯುತ್ತೇವೆ. ನನ್ನ ಅಂಗಡಿಯಲ್ಲೇ ಮೆಕ್ಯಾನಿಕ್ ಆಗಿರುವ ತಮ್ಮ ಇಟ್ಟ ಹೆಸರು ಅದು. ಅಂಗಡಿಯ ಹಿಂದೆ ರಾಶಿ ಹಾಕಿದ ಹಳೆಯ ಟೈರುಗಳಲ್ಲಿ ಮಳೆನೀರು ನಿಂತು ಕಪ್ಪೆಗಳು ಮೊಟ್ಟೆಯಿಡುತ್ತಿದ್ದವು. ಮರಿಗಳಿಗೆ ಕಾಲು ಬರುವ ತನಕ ಇವಳು ಆ ಟೈರುಗಳನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕೊಳ್ಳಲು ಬಂದ ಗಿರಾಕಿಗಳನ್ನೇ ಜಗಳವಾಡಿ ಓಡಿಸಿದ್ದಾಳೆ ಮಹಾರಾಯ್ತಿ. ಹನ್ನೆರಡನೆಯ ತರಗತಿ ಮುಗಿದ ಮೇಲೆ ಇದೇ ನನ್ನ ತಮ್ಮ ಅವಳನ್ನು ಕೇಳಿದ, ‘‘ಮುಂದೇನೇ, ಆಟೊಮೊಬೈಲ್ ಇಂಜಿನಿಯರಿಂಗಾ?’’

‘‘ಇಲ್ಲ ಮಾವ. ನೀರು, ಮಣ್ಣು, ಕಾಡು ಉಳಿಸೋದು ಹೇಗೆ ಅಂತ ಓದ್ತೀನಿ.’’

‘‘ಅದಕ್ಕೂ ಕಾಲೇಜು ಮಾಡಿದಾರಾ? ಕೆಲಸ ಸಿಗುತ್ತೇನೇ?’’

‘‘ಸಿಗುತ್ತೆ, ಒಳ್ಳೆ ಕಡೆ ಓದಿದ್ರೆ.’’

‘ಒಳ್ಳೆ ಕಡೆ’ ಎಂಬ ಈ ಎರಡು ಪದ ಹಿಡಿದು ನಾವು ಹೊರಟೆವು ಮಾನ್ಯರೇ. ಒಳ್ಳೆಯದಾಗಿರಬೇಕು, ನನ್ನ ಕೈಗೂ ಎಟುಕಬೇಕು. ಇದಕ್ಕಿಂತ ದೊಡ್ಡ ಆಸೆಯೇನೂ ನಮ್ಮದಾಗಿರಲಿಲ್ಲ.

ಮೊದಲು ಹೋದದ್ದು ಬಸ್ಸಿನ ಕೊನೆಯ ನಿಲ್ದಾಣದಾಚೆ, ಜೌಗಿನ ಅಂಚಿಗಿರುವ ಹಳೆಯ ಕಾಲೇಜಿಗೆ. ಗೋಡೆಗೆ ಬಣ್ಣ ಕಂಡು ಎಷ್ಟು ಕಾಲವಾಯಿತೋ! ಕಟ್ಟಡದ ಹಿಂದೆ ಕಣ್ಣು ಹಾಯುವಷ್ಟು ದೂರ ಹುಲ್ಲು, ಜೊಂಡು, ನಿಂತ ನೀರು. ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಅಧ್ಯಾಪಕಿ ಕೆಸರಿನಿಂದ ಹಾಗೇ ಎದ್ದುಬಂದರು. ಹಿಂದೆ ವಿದ್ಯಾರ್ಥಿಗಳು, ಅವರ ಕೈಯಲ್ಲಿ ನೀರಿನ ಬಾಟಲಿಗಳು, ಅಳತೆಯ ಕೋಲುಗಳು. ಫೀಸು ಎಷ್ಟೆಂದು ಕೇಳಿದೆ. ಅವರು ಹೇಳಿದ ಮೊತ್ತ ಕೇಳಿ ನನ್ನ ಎದೆ ಧಸಕ್ಕೆಂದಿತು. ಹೆಚ್ಚಾಯಿತೆಂದಲ್ಲ, ತೀರಾ ಕಡಿಮೆಯಾಯಿತೆಂದು!

‘‘ಇಷ್ಟು ಕಮ್ಮಿ ಯಾಕೆ? ತೊಂದರೆ ಏನಿದೆ, ನಿಜ ಹೇಳಿಬಿಡಿ’’ ಎಂದೆ.

ಆಕೆ ನಕ್ಕರು. ‘‘ತೊಂದರೆಗೇನು ಬರ ಅಮ್ಮ? ಮಳೆ ಬಂದ್ರೆ ಎರಡು ಕ್ಲಾಸ್‌ರೂಮ್ ಸೋರುತ್ತೆ. ಹಾಸ್ಟೆಲ್ ಇಲ್ಲ. ಜಿಗಣೆ ಕಾಟ. ಕೆಸರು ಆಗದವರು ಒಂದೇ ವಾರಕ್ಕೆ ಓಡಿಹೋಗ್ತಾರೆ. ಉಳಿದವರಿಗೆ ಮಾತ್ರ ಕೆಲಸ ಚೆನ್ನಾಗಿ ಬರುತ್ತೆ, ಕರೆದು ಕೆಲಸ ಕೊಡ್ತಾರೆ.’’

ತನ್ನ ದೋಷ ತಾನೇ ಒಪ್ಪಿಸುವ ಮಾರಾಟಗಾರ್ತಿ! ನನ್ನ ತಲೆಯೊಳಗಿನ ಗಂಟೆಗಳೆಲ್ಲ ಒಟ್ಟಿಗೇ ಬಡಿದುಕೊಂಡವು. ಸೋರುವ ಛಾವಣಿಯನ್ನು ಮುಂದೆ ಮಾಡಿ ಇನ್ನೇನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಖಾತ್ರಿಯಾಯಿತು. ಕಪ್ಪೆ ಅಷ್ಟರಲ್ಲಿ ಚಪ್ಪಲಿ ಕಳಚಿ ನೀರಿಗಿಳಿದು ಯಾವುದೋ ಹುಳವನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದಳು. ಅವಳನ್ನು ದರದರ ಎಳೆದುಕೊಂಡು ಬಂದೆ. ಬಸ್ಸಿನಲ್ಲಿ ಅವಳು ನನ್ನ ಪಕ್ಕ ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತಳು.

ಆಮೇಲೆ ಏನು ಮಾಡಿದೆ ಗೊತ್ತೇ? ಯಾರನ್ನೂ ನಂಬದ ನಾನು ನಿಮ್ಮನ್ನು ನಂಬಿದೆ! ಸರ್ಕಾರದ ಕಚೇರಿ, ತಜ್ಞರ ತಂಡ, ಖುದ್ದು ಹೋಗಿ ನೋಡಿ ನಕ್ಷತ್ರ ಕೊಡುತ್ತಾರೆ ಎಂದಮೇಲೆ ಸುಳ್ಳಿರುತ್ತದೆಯೇ ಎಂದುಕೊಂಡೆ. ನಿಸರ್ಗ ಸಂರಕ್ಷಣೆಯ ವಿಭಾಗದಲ್ಲಿ ನೀವು ಮೊದಲ ಸ್ಥಾನದಲ್ಲಿ ಕೂರಿಸಿದ ಕಾಲೇಜಿಗೆ ಹೋದೆವು. ಗಾಜಿನ ಕಟ್ಟಡ, ಮೆತ್ತನೆಯ ಕುರ್ಚಿ, ಟೈ ಕಟ್ಟಿದ ತರುಣ. ಕಾಲಿಗೆ ಧೂಳು ತಾಗದಂತೆ ಬ್ಯಾಟರಿ ಗಾಡಿಯಲ್ಲಿ ಕೂರಿಸಿ ‘ಸಂರಕ್ಷಣಾ ವನ’ ತೋರಿಸಿದ. ಸಾಲು ಸಾಲು ಮರ, ಪ್ರತಿ ಮರಕ್ಕೂ ಹಿತ್ತಾಳೆಯ ಹೆಸರುಫಲಕ. ‘‘ಎಷ್ಟು ಚೊಕ್ಕವಾಗಿದೆ ನೋಡೇ’’ ಎಂದೆ ಮಗಳಿಗೆ. ಅವಳು ಗಾಡಿಯಿಂದಿಳಿದು ಒಂದು ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಳು. ‘‘ಒಂದು ಒಣ ಎಲೆ ಇಲ್ಲ. ಒಂದು ಇರುವೆ ಇಲ್ಲ. ಇದೆಂಥಾ ಕಾಡಮ್ಮ?’’ ಎಂದಳು. ಓದುವ ಮೊದಲೇ ತಪ್ಪು ಹುಡುಕಬೇಡ ಎಂದು ಗದರಿದೆ. ತೊಳೆದ ಎಂಜಿನ್ ಕಂಡರೆ ಬೆಚ್ಚುವ ನನಗೆ ತೊಳೆದ ಕಾಡು ಕಂಡು ಖುಷಿಯಾಯಿತಲ್ಲ, ಇದಕ್ಕೆ ಏನನ್ನೋಣ?

ಫೀಸಿನ ವಿಷಯ ಕೇಳಲೇಬೇಡಿ. ಅಂಗಡಿಯ ಮುಂದಿರುವ ಗಾಡಿಗಳನ್ನೆಲ್ಲ ಮಾರಿದರೂ ಎರಡನೆಯ ವರ್ಷಕ್ಕೆ ನಾನು ಶಟರ್ ಎಳೆಯಬೇಕಾಗಿತ್ತು. ‘‘ಐದು ನಕ್ಷತ್ರ ಇದೆಯಲ್ಲ ಮೇಡಂ, ಬ್ಯಾಂಕಿನವರು ಕಣ್ಣು ಮುಚ್ಚಿ ಸಾಲ ಕೊಡ್ತಾರೆ’’ ಎಂದ ತರುಣ. ಅವನು ಹೇಳಿದ್ದು ಸರಿಯೇ. ನಿಮ್ಮ ನಕ್ಷತ್ರ ಕಂಡರೆ ಎಲ್ಲರೂ ಕಣ್ಣು ಮುಚ್ಚುತ್ತಾರೆ.

ಮುಂಗಡ ಕಟ್ಟಲು ಮುಂದಿನ ವಾರ ಮತ್ತೆ ಹೋದೆವು. ಹಿಂದಿನ ದಿನವಷ್ಟೇ ನಿಮ್ಮ ತಂಡ ವಾರ್ಷಿಕ ತಪಾಸಣೆ ಮುಗಿಸಿ ಹೋಗಿತ್ತಂತೆ. ಮುಂದಿನ ಗೇಟಿನಲ್ಲಿ ಸ್ವಾಗತದ ಹೂಗಳನ್ನು ಇನ್ನೂ ಕೀಳುತ್ತಿದ್ದರು, ಅದಕ್ಕೆ ಹಿಂದಿನ ಗೇಟಿಗೆ ಹೋಗಿ ಎಂದರು. ಅಲ್ಲೊಂದು ಲಾರಿ ನಿಂತಿತ್ತು. ಕಸುಬಿನ ಚಾಳಿ ನೋಡಿ, ನನ್ನ ಕಣ್ಣು ಮೊದಲು ಹೋದದ್ದು ಲಾರಿಯ ಮೇಲೆ. ನಾನೇ ಮಾರಿದ ಲಾರಿ! ಆಮೇಲೆ ಕಂಡದ್ದು ಅದರ ತುಂಬ ನಿಂತಿದ್ದ ಮರಗಳು. ಆಳುಗಳು ‘ಸಂರಕ್ಷಣಾ ವನ’ದ ಮಣ್ಣು ಸರಿಸಿ, ಒಂದೊಂದು ಮರವನ್ನೂ ಅದು ನಿಂತಿದ್ದ ದೊಡ್ಡ ಕುಂಡದ ಸಮೇತ ಎತ್ತಿ ಗಾಡಿಗೆ ಹಾಕುತ್ತಿದ್ದರು.

ಚಾಲಕ ನನ್ನ ಗುರುತು ಹಿಡಿದು ಓಡಿಬಂದ. ‘‘ಚೆನ್ನಾಗಿದೀರಾ ಅಮ್ಮ? ಗಾಡಿ ಸಖತ್ತಾಗಿ ಓಡ್ತಿದೆ.’’

‘‘ಅದಿರಲಿ. ಇದೇನಪ್ಪ ಇದು?’’

‘‘ಬಾಡಿಗೆ ಮರ ಅಮ್ಮ. ಪ್ರತಿ ವರ್ಷ ಬರ್ತೀವಿ. ಅಡ್ಮಿಷನ್ ಶುರುವಾಗೋವಾಗ ಇಳಿಸೋದು, ಸಾಹೇಬ್ರು ನೋಡ್ಕೊಂಡು ಹೋದ್ಮೇಲೆ ಎತ್ತೋದು. ಇವಾಗ ಸೀದಾ ಮದುವೆ ಛತ್ರಕ್ಕೆ.’’

ಅವನ ಮುಖದಲ್ಲಿ ಅಳುಕಿನ ಸುಳಿವೂ ಇರಲಿಲ್ಲ. ಇರಬೇಕಾದರೂ ಯಾಕೆ? ಅವನು ಬಾಡಿಗೆಯ ಮರವನ್ನು ಬಾಡಿಗೆಯ ಮರ ಎಂದೇ ಕರೆದ. ಅದನ್ನು ಕಾಡು ಎಂದು ಸಹಿ ಹಾಕಿದವರು ನೀವು. ಕಪ್ಪೆ ನನ್ನ ಕಡೆ ತಿರುಗಿ, ‘‘ಅಮ್ಮಾ, ನಿಜ ಹೇಳಿದವರಿಂದ ನನ್ನನ್ನ ಎಳ್ಕೊಂಡು ಓಡಿದೆ. ಕಿವಿ ಮೇಲೆ ಹೂ ಇಟ್ಟವರಿಗೆ ಅಡ್ವಾನ್ಸ್ ಕಟ್ಟೋಕೆ ಬಂದಿದೀಯ’’ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಭೂಮಿಯೊಳಗೆ ಹೋಗಿಬಿಡೋಣ ಅನ್ನಿಸಿತು.

ಅಲ್ಲಿಂದ ನೇರವಾಗಿ ಜೌಗಿನ ಕಾಲೇಜಿಗೆ ಹೋದೆವು. ಕ್ಷಮೆ ಕೇಳಿ, ಮಗಳನ್ನು ಸೇರಿಸಿ ಬರೋಣವೆಂದು. ಗೇಟಿನಲ್ಲಿ ನಿಮ್ಮ ಆದೇಶ ನಮ್ಮನ್ನು ಸ್ವಾಗತಿಸಿತು. ಕಾರಣವನ್ನೂ ಅಚ್ಚುಕಟ್ಟಾಗಿ ಕೊಟ್ಟಿದ್ದೀರಿ: ‘ಆವರಣದ ಬಹುಭಾಗ ನೀರು ನಿಂತ, ಶೈಕ್ಷಣಿಕ ಬಳಕೆಗೆ ಯೋಗ್ಯವಲ್ಲದ ಜಮೀನು.’ ಓದಿದ್ದು ಸರಿಯೇ ಎಂದು ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಜೌಗನ್ನು ಕಾಪಾಡುವುದು ಹೇಗೆಂದು ಕಲಿಸುವ ಕಾಲೇಜಿನಲ್ಲಿ ಜೌಗು ಇರುವುದೇ ಅಪರಾಧವೇ ಸ್ವಾಮಿ? ಈಜು ಕಲಿಸುವವರ ಕೊಳದಲ್ಲಿ ನೀರು ಕಂಡರೂ ಹೀಗೇ ಬರೆಯುತ್ತೀರಾ?

ಅಧ್ಯಾಪಕಿ ನಡೆದದ್ದನ್ನು ಹೇಳಿದರು. ನಾವು ಮೊದಲ ಸಲ ಬಂದುಹೋದ ಮೇಲೆ ನಿಮ್ಮ ತಂಡ ಬಂದಿತ್ತು, ಕಾರಿನಿಂದ ಇಳಿಯಲಿಲ್ಲ, ಬೂಟು ಹಾಳಾಗುತ್ತದೆ ಎಂದರಂತೆ. ಕಿಟಕಿಯ ಗಾಜು ಇಳಿಸಿ, ‘‘ಇದನ್ನೆಲ್ಲ ಮಣ್ಣು ಹಾಕಿ ಮುಚ್ಚಿ, ಒಂದು ಸಭಾಂಗಣ ಕಟ್ಟಿ, ಆಮೇಲೆ ಮಾನ್ಯತೆ ಕೇಳಿ’’ ಎಂದು ಬುದ್ಧಿ ಹೇಳಿ ಹೊರಟರಂತೆ. ಆಕೆಗೆ ಈ ಸಲ ನಗು ಬರಲಿಲ್ಲ. ‘‘ಮುಚ್ಚಿದ್ರೆ ಮಾನ್ಯತೆ ಸಿಗುತ್ತೆ ಅಮ್ಮ. ಕಲಿಸೋಕೆ ಏನೂ ಉಳಿಯಲ್ಲ, ಅಷ್ಟೆ’’ ಎಂದರು. ನನ್ನ ಹಳೆಯ ಅನುಮಾನಕ್ಕೆ ಕ್ಷಮೆ ಕೇಳಲು ಬಾಯಿ ತೆರೆದೆ. ‘‘ಅಯ್ಯೋ, ಬಿಡಿ. ಎಲ್ಲ ತಂದೆತಾಯಿನೂ ಹಾಗೇ ಕೇಳ್ತಾರೆ’’ ಎಂದು ಮಾತು ಮುಗಿಸಿಬಿಟ್ಟರು.

ಈಗ ನನ್ನ ಅನುಮಾನವೆಲ್ಲ ನಿಮ್ಮ ಕಡೆ ತಿರುಗಿದೆ. ಬಂದೇ ಬರುತ್ತೇವೆಂದು ತಿಂಗಳ ಮೊದಲೇ ತಿಳಿಸಿ ಹೋಗುವುದು ತಪಾಸಣೆಯೋ, ನೆಂಟಸ್ತಿಕೆಯೋ? ಮರ ಮುಟ್ಟದೆ, ಮಣ್ಣು ಕೆದಕದೆ, ಬ್ಯಾಟರಿ ಗಾಡಿಯಲ್ಲಿ ಕೂತು ಕಾಡಿಗೆ ಅಂಕ ಕೊಡುವ ವಿದ್ಯೆಯನ್ನು ನಿಮ್ಮ ತಜ್ಞರು ಯಾವ ಕಾಲೇಜಿನಲ್ಲಿ ಕಲಿತರು? ಜೌಗಿಗೆ ಮಣ್ಣು ಸುರಿದ ಮೇಲೆ ಅಲ್ಲಿ ಏಳುವುದು ಬರೀ ಸಭಾಂಗಣವೋ, ಅದರ ಬೆನ್ನಿಗೇ ಇನ್ನೇನಾದರೂ ಏಳುತ್ತದೆಯೋ? ಆ ಜಮೀನಿನ ಸುತ್ತ ಈಚೆಗೆ ಅಳತೆಪಟ್ಟಿ ಹಿಡಿದು ಓಡಾಡುತ್ತಿರುವವರು ಯಾರು? ನನ್ನ ಕೈಯಲ್ಲಿ ಪುರಾವೆ ಇಲ್ಲ, ಒಪ್ಪುತ್ತೇನೆ. ಆದರೆ ಚೆನ್ನಾಗಿ ಓಡುವ ಗಾಡಿಯನ್ನು ಒಬ್ಬ ಗುಜರಿಗೆ ಹಾಕಿ ಎಂದು ಒತ್ತಾಯಿಸಿದರೆ, ಅದರ ಬಿಡಿಭಾಗಗಳ ಮೇಲೆ ಅವನಿಗೆ ಕಣ್ಣಿದೆ ಎಂದೇ ನಮ್ಮ ಬೀದಿಯಲ್ಲಿ ತಿಳಿಯುತ್ತಾರೆ. ಹಾಗಿಲ್ಲವಾದರೆ ಇಲ್ಲವೆಂದು ಹೇಳಿ, ನನಗೂ ನೆಮ್ಮದಿ.

ನಿಮ್ಮ ಕಚೇರಿಗೂ ಬಂದಿದ್ದೆ. ಕೌಂಟರಿನ ಗುಮಾಸ್ತರು ಕನಿಕರದಿಂದಲೇ ಹೇಳಿದರು, ‘‘ನಕ್ಷತ್ರ ಇರೋ ಕಡೆ ಹಾಕಿಬಿಡಿ ಅಮ್ಮ, ಯಾಕೆ ಸುಮ್ನೆ ತಲೆನೋವು?’’ ಅಲ್ಲಿ ಕಾಡಿಲ್ಲವಲ್ಲಪ್ಪಾ ಎಂದೆ. ‘‘ಎಲ್ಲಿ ಓದಿದ್ರೇನು, ಸರ್ಟಿಫಿಕೇಟ್ ಒಂದೇ ಅಲ್ವಾ?’’ ಎಂದರು. ಮಾನ್ಯರೇ, ನಾಳೆ ನಮ್ಮ ಕುಡಿಯುವ ನೀರಿನ ಕೆರೆ ಕಾಯುವವರು ಇವೇ ಕಾಲೇಜುಗಳಿಂದ ಬರುತ್ತಾರೆ. ಕುಂಡ ನೋಡಿ ಕಾಡೆಂದು ಕಲಿತವರ ಕೈಗೆ ನಮ್ಮ ಕೆರೆ ಕೊಡುತ್ತೀರಾ?

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಪ್ರವೇಶ ನಿಲ್ಲಿಸಿದ ಆದೇಶವನ್ನು ಈ ತಿಂಗಳೊಳಗೆ ಹಿಂತೆಗೆದುಕೊಳ್ಳಿ. ಎರಡೂ ಕಾಲೇಜುಗಳಿಗೆ ಹೇಳದೆ ಕೇಳದೆ ಹೋಗಿ, ಕಾರಿನಿಂದಿಳಿದು ನೋಡಿ. ಫೀಸು ಕಡಿಮೆ ಇರುವ ಕಡೆ ಓದು ಚೆನ್ನಾಗಿದ್ದರೆ ಅದನ್ನು ನಿಮ್ಮ ಬಾಯಿಂದಲೇ ಹೇಳಿ, ನಮ್ಮಂಥವರು ಬಸ್ಸು ಬಸ್ಸು ಹತ್ತಿ ಹುಡುಕುವುದು ತಪ್ಪಲಿ. ತಿಂಗಳು ದಾಟಿದರೆ ವಿಶ್ವವಿದ್ಯಾಲಯಕ್ಕೆ ಹೆಸರು ಕಳಿಸುವ ಅವಧಿ ಮುಗಿಯುತ್ತದೆ, ನನ್ನ ಮಗಳ ವರ್ಷ ಮಣ್ಣುಪಾಲಾಗುತ್ತದೆ.

ಅವಳಂತೂ ಕಾಯುತ್ತಾ ಮನೆಯಲ್ಲಿ ಕೂತಿಲ್ಲ. ನಾನು ಬೇಡವೆಂದರೂ ಕೇಳದೆ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಜೌಗಿನ ಕಾಲೇಜಿಗೆ ಹೋಗುತ್ತಿದ್ದಾಳೆ, ಎರಡನೆಯ ವರ್ಷದವರ ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ನಿಮ್ಮ ಆದೇಶಕ್ಕೆ ಕಟ್ಟುಬಿದ್ದು ಅಧ್ಯಾಪಕಿ ಅವಳ ಹೆಸರು ಕರೆಯುವ ಹಾಗಿಲ್ಲ. ಎಲ್ಲರ ಹೆಸರೂ ಕರೆದು ಮುಗಿದ ಮೇಲೆ ಆಕೆ ಹಾಜರಿ ಪುಸ್ತಕ ಮುಚ್ಚದೆ ಕಾಯುತ್ತಾರಂತೆ. ಆಗ ಹಿಂದಿನ ಬೆಂಚಿನಿಂದ ನನ್ನ ಮಗಳು ಎದ್ದುನಿಂತು, ‘‘ಬಂದಿದೀನಿ ಮೇಡಂ’’ ಅನ್ನುತ್ತಾಳಂತೆ.

ಇಂತಿ,
ನಿಮ್ಮ ಕಚೇರಿಯ ಲೆಕ್ಕದಲ್ಲಿ ಇನ್ನೂ ಯಾವ ವಿದ್ಯಾರ್ಥಿನಿಯ ತಾಯಿಯೂ ಅಲ್ಲದ,
ಒಬ್ಬ ಹಳೆಯ ವಾಹನಗಳ ವ್ಯಾಪಾರಿ